ಲಕ್ಕಮ್ಮತ್ತೆಯ ಕರೆಂಟು ಬ್ರಷ್ಷು

ಹಲ್ಲಿನ ಡಾಕ್ಟರ ಕುರ್ಚಿಯೆಂದರೆ ನನಗೆ ಭಯ. ಹೆಡ್‌ಮಾಸ್ಟರ ಎದುರು ಬೈಸಿಕೊಳ್ಳಲು ಕೂತಿದ್ದೇನೆ, ಕುಣಿಗಲ್ ಬಸ್ಸಿನಲ್ಲಿ ಸೀಟಿಲ್ಲದೆ ಎಂಜಿನ್ ಮೇಲೆ ಕೂತು ಬೆಂದಿದ್ದೇನೆ, ಅದಕ್ಕೆಲ್ಲ ಹೆದರಿದವನಲ್ಲ. ಆದರೆ ಆ ಒರಗುವ ಕುರ್ಚಿಯನ್ನು ಕಂಡರೆ ಸಾಕು, ಅಷ್ಟು ಹೊತ್ತೂ ಜೀವ ಹಿಂಡುತ್ತಿದ್ದ ನನ್ನ ಹಲ್ಲು ತಾನಾಗಿಯೇ ವಾಸಿಯಾಗಿಬಿಡುತ್ತದೆ. ಎಂಬತ್ತರ ದಶಕದ ಶುರುವಿನಲ್ಲಿ ನಮ್ಮ ಮನೆಗೆ ಕರೆಂಟು ಬ್ರಷ್ಷು ಬಂದದ್ದು ಈ ಹೆದರಿಕೆಯ ದೆಸೆಯಿಂದ.

ಆಗ ನಾವು ತುಮಕೂರಿನ ಸದಾಶಿವನಗರದಲ್ಲಿ ಬಾಡಿಗೆಗಿದ್ದೆವು. ನಾನು ಕುಣಿಗಲ್ಲಿನ ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗಿ ಬರುವ ಮೇಷ್ಟ್ರು. ಹುಟ್ಟಿದ್ದು ಹಾಗಲವಾಡಿಯಲ್ಲಿ. ಹಲ್ಲುಜ್ಜುವ ವಿಷಯದಲ್ಲಿ ನಮ್ಮೂರಿಗೆ ತನ್ನದೇ ಶಾಸ್ತ್ರವಿತ್ತು. ಬೇವಿನ ಕಡ್ಡಿಗೆ ಹಲ್ಲಿನ ಹುಳ ಸಾಯುತ್ತದೆ, ಹೊಂಗೆ ಕಡ್ಡಿಗೆ ವಸಡು ಗಟ್ಟಿಯಾಗುತ್ತದೆ, ಇದ್ದಿಲಿಗೆ ಹೊಳಪು ಬರುತ್ತದೆ, ಏನೂ ಸಿಗದಿದ್ದರೆ ಒಲೆಯ ಬೂದಿಗೆ ಎಲ್ಲವೂ ಆಗುತ್ತದೆ. ಇವುಗಳಲ್ಲಿ ಯಾವುದು ಮೇಲೆಂದು ಜಗಳವಾಡುವವರೂ ಒಂದು ಮಾತನ್ನು ಮಾತ್ರ ಒಪ್ಪುತ್ತಿದ್ದರು: ಬಲ ಹಾಕಿ ತಿಕ್ಕಬೇಕು. ರಕ್ತ ಬಂದರೆ ಕೆಟ್ಟ ರಕ್ತ ಹೋಯಿತೆಂದು ಸಂತೋಷಪಡಬೇಕು. ಪಟ್ಟಣ ಸೇರಿ ಬ್ರಷ್ಷು ಹಿಡಿದ ಮೇಲೂ ನಾನು ಈ ಶಾಸ್ತ್ರವನ್ನು ಬಿಟ್ಟಿರಲಿಲ್ಲ. ಒಮ್ಮೆ ಧೈರ್ಯಮಾಡಿ ಆ ಕುರ್ಚಿಯಲ್ಲಿ ಕೂತಾಗ ಡಾಕ್ಟರು ನನ್ನ ಸವೆದ ವಸಡನ್ನು ನೋಡಿ, ಹಳೇ ಸುಣ್ಣ ಕೆರೆಯುವವರ ಹಾಗೆ ಉಜ್ಜುತ್ತೀರಲ್ಲ, ಮೆತ್ತನೆಯ ಬ್ರಷ್ಷಿನಲ್ಲಿ ನಿಧಾನವಾಗಿ ಉಜ್ಜಿ, ಇಲ್ಲದಿದ್ದರೆ ಮತ್ತೆ ಇಲ್ಲಿಗೇ ಬರಬೇಕಾಗುತ್ತದೆ ಎಂದರು. ಕೊನೆಯ ಮಾತು ಕೆಲಸಮಾಡಿತು.

ಮರಳೂರಿನಲ್ಲಿ ಖಲೀಲ್ ಸಾಹೇಬರ ಫ್ಯಾನ್ಸಿ ಸ್ಟೋರಿತ್ತು. ಅವರ ಭಾವಮೈದುನ ಸೌದಿಯಿಂದ ಬಂದಾಗಲೆಲ್ಲ ಅತ್ತರು, ಟಾರ್ಚು, ಟೇಪ್ ರೆಕಾರ್ಡರುಗಳ ಜೊತೆಗೆ ಒಂದೆರಡು ವಿಚಿತ್ರ ವಸ್ತುಗಳೂ ಗಾಜಿನ ಬೀರುವಿಗೆ ಬರುತ್ತಿದ್ದವು. ಆ ಸಲ ಬಂದದ್ದು ತಾನಾಗಿ ಅಲ್ಲಾಡುವ ಹಲ್ಲಿನ ಬ್ರಷ್ಷು. ಸಾಹೇಬರು ಐದು ಹೊತ್ತೂ ನಮಾಜಿಗೆ ಮುಂಚೆ ಮಿಸ್ವಾಕ್ ಕಡ್ಡಿಯಲ್ಲಿ ಉಜ್ಜುವವರು. ಅವರಿಗೆ ಇದು ಬೇಡ. ಆದರೆ ತಮಗೆ ಬೇಡವಾದ ವಸ್ತುವನ್ನೂ ಅದರ ಗುಣವರಿತು ಮಾರುವ ಪ್ರಾಮಾಣಿಕರು. ಬಂದದ್ದರಲ್ಲಿ ಒಂದು ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವಂಥದು, ಇನ್ನೊಂದು ಪೆನ್ಸಿಲ್ ಸೆಲ್ಲು ಹಾಕುವಂಥದು. ತುದಿಗೆ ಸಿಕ್ಕಿಸುವ ಬ್ರಷ್ಷಿನಲ್ಲೂ ಬಿರುಸು, ಮೆತ್ತನೆ ಎಂದು ಎರಡು ಬಗೆ. ನನ್ನ ಕೈ ಅಭ್ಯಾಸಬಲದಿಂದ ಬಿರುಸಿನ ಕಡೆಗೇ ಹೋಯಿತು. ಸಾಹೇಬರು ತಡೆದರು.

"ಮೆತ್ತಗಿರೋದು ತಗೊಳ್ಳಿ ಮೇಷ್ಟ್ರೇ. ನಾವು ಉಜ್ಜೋದು ಹಲ್ಲು, ಪಾತ್ರೆ ಅಲ್ಲ."

ಸೆಲ್ಲಿನದೋ ಪ್ಲಗ್ಗಿನದೋ ಎಂಬ ಪ್ರಶ್ನೆಯನ್ನು ಬಿಡಿಸಿದ್ದು ಲಕ್ಕಮ್ಮತ್ತೆ. ಅತ್ತೆಯೆಂದರೆ ಹೆಂಡತಿಯ ತಾಯಿಯಲ್ಲ, ನನ್ನ ಅಪ್ಪನ ತಂಗಿ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ತಾಯಿ ಇಲ್ಲದ ನನ್ನನ್ನೂ ಅಕ್ಕನನ್ನೂ ಸಾಕಿ, ಅಕ್ಕನನ್ನು ಗುಬ್ಬಿಗೆ ಕೊಟ್ಟು, ನನ್ನ ಜೊತೆ ತುಮಕೂರಿಗೆ ಬಂದು ನಿಂತವಳು. "ಬಾಯೊಳಕ್ಕೆ ಕರೆಂಟ್ ಬುಡ್ತೀಯೇನ್ಲಾ?" ಎಂದು ಒಂದೇ ಮಾತು ಕೇಳಿದಳು. ಮಾರನೆಯ ದಿನ ಸೆಲ್ಲಿನದನ್ನು ತಂದೆ. ಆದರೂ ಬೀದಿಯವರೆಲ್ಲ ಅದನ್ನು ಕರೆದದ್ದು ಕರೆಂಟು ಬ್ರಷ್ಷು ಎಂದೇ.

ಅತ್ತೆಯ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ಹಾಗಲವಾಡಿಯ ಸುತ್ತ ಎತ್ತು ಕೊಳ್ಳುವವರು ಅವಳನ್ನು ಕರೆದುಕೊಂಡು ಹೋಗುತ್ತಿದ್ದರು. ಹೆಂಗಸರನ್ನು ದನದ ವ್ಯಾಪಾರಕ್ಕೆ ಯಾರೂ ಕರೆಯದ ಕಾಲ ಅದು. ಅವಳು ಎತ್ತಿನ ಮೂತಿಯನ್ನು ಎಡಗೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ತುಟಿ ಮಡಿಸಿ, ಎರಡು ಹಲ್ಲೋ, ನಾಲ್ಕು ಹಲ್ಲೋ, ಎಲ್ಲ ಹಲ್ಲೂ ಬಂದು ಬಾಯಿಗೂಡಿದ್ದೋ ಎಂದು ಹೇಳಿಬಿಡುತ್ತಿದ್ದಳು. ಹಲ್ಲು ಉಜ್ಜಿ ವಯಸ್ಸು ಮರೆಸಿದ ಎತ್ತುಗಳೂ ಅವಳ ಮುಂದೆ ಸಿಕ್ಕಿಬೀಳುತ್ತಿದ್ದವು. ನಾಲಿಗೆ ಎತ್ತಿ, ಕೆನ್ನೆಯೊಳಗೆ ಬೆರಳಾಡಿಸಿ, ಹುಣ್ಣಿದೆಯೇ ಎಂದು ನೋಡದೆ ಯಾವ ದನವನ್ನೂ ಅವಳು ಒಪ್ಪಿದವಳಲ್ಲ. ದಾನಕ್ಕೆ ಬಂದ ದನದ ಹಲ್ಲು ಎಣಿಸಬಾರದೆಂಬ ಗಾದೆ ಕೇಳಿದರೆ ಅವಳಿಗೆ ಕೋಪ ಬರುತ್ತಿತ್ತು. ಎಣಿಸದೆ ಕಟ್ಟಿಕೊಂಡರೆ ಆಮೇಲೆ ಹುಲ್ಲು ಹಾಕುವವರು ಯಾರು ಎಂಬುದು ಅವಳ ವಾದ.

ಇಂಥ ಅತ್ತೆಯ ಸ್ವಂತ ಬಾಯನ್ನು ಮಾತ್ರ ನಾವು ಯಾರೂ ಕಂಡಿರಲಿಲ್ಲ. ನಗು ಬಂದರೆ ಸೆರಗು ಬಾಯಿಗೆ ಹೋಗುತ್ತಿತ್ತು. ಹಲ್ಲುಜ್ಜುವುದು ಹಿತ್ತಲಿನಲ್ಲಿ, ಗೋಡೆಯ ಕಡೆ ಮುಖ ಮಾಡಿ. ಉಜ್ಜುತ್ತಿದ್ದದ್ದು ನಶ್ಯದಲ್ಲಿ. ಮೂಗಿಗೆ ಏರಿಸುವ ಅದೇ ಹೊಗೆಸೊಪ್ಪಿನ ಪುಡಿಯನ್ನು ನಮ್ಮ ಕಡೆಯ ಅನೇಕ ಹೆಂಗಸರು ಬೆರಳಲ್ಲಿ ಅದ್ದಿ ವಸಡಿಗೆ ತಿಕ್ಕುತ್ತಾರೆ. ಯಾವ ಕಾಲದಲ್ಲೋ ಒಂದು ಹಲ್ಲುನೋವಿಗೆಂದು ಶುರುವಾದದ್ದು ಆಮೇಲೆ ಕಾಫಿಯಂತೆ ನಿತ್ಯದ ಬಾಬತ್ತಾಗುತ್ತದೆ. ತಿಕ್ಕಿದ ಮೇಲೆ ಚಿಟಿಕೆಯಷ್ಟನ್ನು ಕೆಳತುಟಿಯ ಒಳಗೆ, ಕೆನ್ನೆಯ ಸಂದಿನಲ್ಲಿ ಇಟ್ಟುಕೊಂಡರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲವಂತೆ. ಗುಬ್ಬಿಯ ಅಕ್ಕನೂ ಈ ಪಾಠವನ್ನು ಅತ್ತೆಯಿಂದಲೇ ಕಲಿತಿದ್ದಳು.

ಬ್ರಷ್ಷಿನ ಡಬ್ಬಿಯಲ್ಲಿ ಇಂಗ್ಲಿಷು, ಅರಬ್ಬಿ ಎರಡರಲ್ಲೂ ಅಚ್ಚಾದ ಒಂದು ಹಾಳೆಯಿತ್ತು. ಮೇಷ್ಟ್ರ ಚಟ, ಮನೆಮಂದಿಯನ್ನು ಕೂರಿಸಿ ಪಾಠ ಮಾಡಿದೆ. ಬ್ರಷ್ಷನ್ನು ಹಲ್ಲೂ ವಸಡೂ ಸೇರುವ ಕಡೆ ಸ್ವಲ್ಪ ಓರೆಯಾಗಿ ಇಡಬೇಕು. ಒತ್ತಬಾರದು. ಅಲ್ಲಾಡುವುದು ಅದರ ಕೆಲಸ, ಒಂದೊಂದೇ ಹಲ್ಲಿನ ಮೇಲೆ ನಿಧಾನವಾಗಿ ಸರಿಸುವುದಷ್ಟೇ ನಮ್ಮದು. ಹೊರಗೆ, ಒಳಗೆ, ಅಗಿಯುವ ಕಡೆ, ಯಾವುದನ್ನೂ ಬಿಡಬಾರದು. ಕೂದಲು ಬಾಗಿದರೆ ತುದಿಯನ್ನು ಬದಲಾಯಿಸಬೇಕು. ಒಬ್ಬರ ತುದಿ ಇನ್ನೊಬ್ಬರಿಗೆ ಕೂಡದು. ಹಿಡಿ ಒಂದೇ ಆದ್ದರಿಂದ ನೀಲಿ ತುದಿ ನನಗೆ, ಹಸಿರು ನನ್ನ ಹೆಂಡತಿ ಸಾವಿತ್ರಿಗೆ, ಕೆಂಪು ಅತ್ತೆಗೆ ಎಂದು ಹಂಚಿದ್ದಾಯಿತು. ನಿಜ ಹೇಳಬೇಕೆಂದರೆ ನನಗೆ ಅದರಿಂದ ಬಹಳ ಅನುಕೂಲವಾಯಿತು. ನನ್ನ ಒರಟು ಕೈಗೆ ಒಂದು ಅಂಕೆ ಬಂತು, ವಸಡಿನ ರಕ್ತ ನಿಂತಿತು.

ಅತ್ತೆಗೂ ಅದು ಹಿಡಿಸಿತು. ಅಷ್ಟು ಬೇಗ ಹೇಗೆ ಹಿಡಿಸಿತೆಂದು ನಮಗೆ ಆಶ್ಚರ್ಯ. ಕಾರಣ ತಿಳಿದದ್ದು ಸಾವಿತ್ರಿ ಬ್ರಷ್ಷು ತೊಳೆಯಲು ಹೋದಾಗ. ಕೆಂಪು ತುದಿಯ ಬಿಳಿ ಕೂದಲೆಲ್ಲ ಕಾಫಿ ಬಣ್ಣಕ್ಕೆ ತಿರುಗಿತ್ತು. ಅತ್ತೆ ಪೇಸ್ಟಿನ ಬದಲು ನಶ್ಯ ಹಾಕಿ ಉಜ್ಜುತ್ತಿದ್ದಳು. ಕೇಳಿದ್ದಕ್ಕೆ, ಪೇಸ್ಟು ಬರೀ ಸಿಹಿ, ಅದರಲ್ಲಿ ಖಾರ ಎಲ್ಲಿದೆ, ಬೆರಳು ಹೋಗದ ಸಂದುಗೊಂದಿಗೆಲ್ಲ ಈ ಮಿಷನ್ನು ನಶ್ಯವನ್ನು ಒಯ್ಯುತ್ತದೆ, ಸೌದಿಯವರು ಬುದ್ಧಿವಂತರು ಎಂದಳು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕುಣಿಗಲ್ಲಿನ ಸ್ಟಾಫ್ ರೂಮಿನಲ್ಲೂ ನಗು, ಮರಳೂರಿನ ಅಂಗಡಿಯಲ್ಲೂ ನಗು. ಖಲೀಲ್ ಸಾಹೇಬರು ಮಾತ್ರ ನಕ್ಕಾದ ಮೇಲೆ, ಹೇಳಿ ಬಿಡಿಸಿ ಮೇಷ್ಟ್ರೇ ಎಂದರು. ಸಾವಿತ್ರಿ ಹೇಳಿ ನೋಡಿದಳು, ನಾನೂ ಹೇಳಿ ನೋಡಿದೆ. ಎತ್ತಿನ ಹಲ್ಲು ನೋಡುವವಳಿಗೆ ಹಲ್ಲಿನ ಪಾಠ ಹೇಳುವುದಕ್ಕೆ ಯಾರಿಂದಾಗುತ್ತದೆ?

ವರ್ಷ ಕಳೆಯುವುದರೊಳಗೆ ಅತ್ತೆ ಎಡಗೆನ್ನೆಯ ಒಳಗೆ ಗಾಯವಾಗಿದೆಯೆಂದಳು. ಖಾರ ತಾಗಿದರೆ ಉರಿ. "ನಿನ್ನ ಮಿಷನ್ನೇ ಕೊರ್‍ದೈತೆ ಕಣ್ಲಾ" ಎಂದಳು. ನಮಗೂ ಹೌದೆನ್ನಿಸಿತು. ಮನೆಗೆ ಹೊಸದಾಗಿ ಬಂದ ಮಿಷನ್ನು ಎದುರಿಗಿರುವಾಗ ಹಳೆಯ ನಶ್ಯದ ಮೇಲೆ ಅನುಮಾನಪಡುವವರು ಯಾರು? ಹೊಸ ಸೊಸೆ ಬಂದ ಮನೆಯಲ್ಲಿ ಹಾಲು ಒಡೆದರೂ ಅವಳ ಕಾಲ್ಗುಣವೇ. ಕೆಂಪು ತುದಿಯನ್ನು ಕಿತ್ತು ಗೂಡಿನಲ್ಲಿಟ್ಟೆವು. ಅತ್ತೆ ಮತ್ತೆ ಬೆರಳಿಗೆ ಬಂದಳು. ಗಾಯಕ್ಕೆ ಮದ್ದು ಯಾವುದು? ಅದೇ ನಶ್ಯ. ಒತ್ತಿಟ್ಟರೆ ಮರಗಟ್ಟಿ ನೋವು ಹಿಂಗುತ್ತದೆ ಎನ್ನುತ್ತಿದ್ದಳು. ನೋವು ಹೆಚ್ಚಿದಷ್ಟೂ ಮದ್ದು ಹೆಚ್ಚಿತು. ಬಾಯಿ ತೋರಿಸು ಎಂದರೆ ಸೆರಗು ಅಡ್ಡ ಬರುತ್ತಿತ್ತು. ಗಂಡುಮಗನಿಗೆ ಬಾಯಿ ತೆರೆದು ತೋರಿಸುವ ಪದ್ಧತಿ ಅವಳಲ್ಲಿರಲಿಲ್ಲ, ಸೆರಗು ಎಳೆದು ನೋಡುವ ಪದ್ಧತಿ ನನ್ನಲ್ಲಿರಲಿಲ್ಲ.

ಕೆನ್ನೆ ಊದಿ, ಮುದ್ದೆಯ ಒಂದು ತುತ್ತು ಒಳಗೆ ಹೋಗುವಷ್ಟೂ ಬಾಯಿ ತೆರೆಯದಾದಾಗ ಅವಳನ್ನು ಆ ಕುರ್ಚಿಯಲ್ಲಿ ಕೂರಿಸಿದೆ. ಬ್ರಷ್ಷಿನಿಂದ ಆದ ಗಾಯವೆಂದು ನಾನೇ ವಿವರಿಸಿದೆ. ಡಾಕ್ಟರು ಬ್ರಷ್ಷು ಯಾವುದೆಂದು ಕೇಳಲಿಲ್ಲ. ಟಾರ್ಚು ಬಿಟ್ಟು ನೋಡಿ, ಅದರ ಮೇಲೆ ಏನು ಹಾಕಿ ಉಜ್ಜುತ್ತಿದ್ದರು ಎಂದು ಕೇಳಿದರು. ಹೇಳಿದೆ. ಅವರು ಕೈ ತೊಳೆದುಕೊಂಡು ಬಂದು, ಇಲ್ಲಿ ಆಗುವಂಥದಲ್ಲ, ನಾಳೆಯೇ ಬೆಂಗಳೂರಿಗೆ ಕರೆದುಕೊಂಡು ಹೋಗಿ ಎಂದರು. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಆ ಕಾಯಿಲೆಗೆ ಹೆಸರು ಹೇಳಿದರು, ನಮ್ಮ ಜನ ಕರೆಂಟು ಎನ್ನುವ ರೇಡಿಯೇಷನ್ ಕೊಟ್ಟರು. ಬಾಯಿಗೆ ಕರೆಂಟು ಬೇಡವೆಂದು ಸೆಲ್ಲಿನ ಬ್ರಷ್ಷು ತರಿಸಿದವಳ ಕೆನ್ನೆ ಸುಟ್ಟು ಕಪ್ಪಾಯಿತು. ತಡವಾಗಿ ಬಂದಿದ್ದೀರಿ ಎಂದು ಅಲ್ಲಿ ಎಲ್ಲರೂ ಹೇಳಿದರು. ನನಗೆ ಅಲ್ಲಿನ ಗೋಡೆಗಳ ಮೇಲೂ ಸಿಟ್ಟು ಬರುತ್ತಿತ್ತು.

ಮನೆಗೆ ಕರೆತಂದ ಮೇಲೆ ಗಂಜಿಯೂ ಕಷ್ಟವಾಯಿತು. ಮಾತು ತೊದಲುತ್ತಿತ್ತು. ಒಂದು ಮಧ್ಯಾಹ್ನ ಚಮಚದಲ್ಲಿ ಗಂಜಿ ಹಾಕುತ್ತಿದ್ದಾಗ ನನ್ನ ಕೈ ಹಿಡಿದು ನಿಲ್ಲಿಸಿದಳು.

"ಊರ ದನದ ಬಾಯೆಲ್ಲ ನೋಡ್ದೆ ಕಣ್ಲಾ. ನನ್ ಬಾಯಿ ಒಬ್ರೂ ನೋಡ್ಲಿಲ್ಲ."

ದೂರಿನ ಧ್ವನಿ ಅದರಲ್ಲಿರಲಿಲ್ಲ. ಎತ್ತಿನ ವಯಸ್ಸು ಹೇಳುವಾಗಿನ ಧ್ವನಿಯೇ ಇತ್ತು. ಅದಕ್ಕೇ ನನಗೆ ತಡೆಯಲಾಗಲಿಲ್ಲ, ಬಟ್ಟಲು ಕೆಳಗಿಟ್ಟು ಅತ್ತುಬಿಟ್ಟೆ. ಶಿವರಾತ್ರಿಗೆ ಮುಂಚೆ ಅವಳು ಹೋದಳು.

ನಮ್ಮಲ್ಲಿ ಹಿರಿಯರ ಹಬ್ಬವೆಂದು ಮಹಾಲಯ ಅಮಾವಾಸ್ಯೆಯಲ್ಲಿ ಸತ್ತವರಿಗೆ ಎಡೆ ಇಡುತ್ತಾರೆ. ಬದುಕಿದ್ದಾಗ ಅವರಿಗೆ ಏನು ಇಷ್ಟವೋ ಅದೆಲ್ಲ ಎಲೆಯ ಮೇಲೆ ಇರಬೇಕು. ಕುಡಿಯುತ್ತಿದ್ದವರಿಗೆ ಸಾರಾಯಿ, ಸೇದುತ್ತಿದ್ದವರಿಗೆ ಬೀಡಿ. ಅಲ್ಲಿ ಡಾಕ್ಟರ ಮಾತು ನಡೆಯುವುದಿಲ್ಲ. ಆ ವರ್ಷ ಎಡೆಗೆ ಗುಬ್ಬಿಯಿಂದ ಅಕ್ಕ ಬಂದಳು. ಹೊಸ ಸೀರೆ, ಮುದ್ದೆ, ಹುರುಳಿ ಬಸ್ಸಾರು, ಎಳ್ಳಿನ ಚಿಗಳಿ ಎಲ್ಲ ಇಟ್ಟಾದ ಮೇಲೆ ಸೊಂಟದಿಂದ ಹೊಸ ನಶ್ಯದ ಡಬ್ಬಿಯೊಂದನ್ನು ತೆಗೆದು ಎಲೆಯ ಪಕ್ಕದಲ್ಲಿಟ್ಟಳು. ನನಗೆ ಮೈಯೆಲ್ಲ ಉರಿಯಿತು. ಅವಳನ್ನು ತಿಂದದ್ದನ್ನೇ ಅವಳಿಗೆ ತಿನ್ನಲು ಇಡುತ್ತೀಯಾ ಎಂದು ಕೂಗಾಡಿದೆ. ಇಡದಿದ್ದರೆ ಅತ್ತೆಯ ಜೀವ ಅದಕ್ಕಾಗಿ ಅಲೆಯುತ್ತದೆ ಎಂದು ಅಕ್ಕ ಅತ್ತಳು. ಸಾವಿತ್ರಿ ಗೂಡಿನಿಂದ ಕರೆಂಟು ಬ್ರಷ್ಷನ್ನು ತಂದು, ಹೊಸ ಕೆಂಪು ತುದಿ ಸಿಕ್ಕಿಸಿ, ನಶ್ಯದ ಪಕ್ಕದಲ್ಲಿಟ್ಟಳು. ಅದೂ ಅತ್ತೆಗೆ ಇಷ್ಟವಾಗಿದ್ದ ವಸ್ತುವೇ ತಾನೆ. ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಕೂತೆವು.

ಬಾಗಿಲು ತೆರೆದಾಗ ಎಲ್ಲ ಇಟ್ಟದ್ದು ಇಟ್ಟಂತೆಯೇ ಇತ್ತು. ಎಡೆಯ ಪದಾರ್ಥವನ್ನು ಮನೆಮಂದಿ ಪ್ರಸಾದವೆಂದು ಹಂಚಿಕೊಳ್ಳುವುದು ಪದ್ಧತಿ, ಎಸೆದರೆ ಪಾಪ. ಸೀರೆ ಸಾವಿತ್ರಿಗೆ ಬಂತು, ಚಿಗಳಿ ಎಲ್ಲರಿಗೂ. ಅಕ್ಕನ ಕೈ ನಶ್ಯದ ಡಬ್ಬಿಯ ಕಡೆ ಹೋಯಿತು. ಎಡೆಗೆ ಇಟ್ಟದ್ದನ್ನು ಎಸೆಯಬಾರದಲ್ಲ ಎಂದು ಅವಳು ಮೆಲ್ಲಗೆ ಹೇಳಿ ಡಬ್ಬಿಯನ್ನು ಸೆರಗಿಗೆ ಗಂಟು ಹಾಕಿಕೊಳ್ಳತೊಡಗಿದಳು.

"ಎಸೀಬೇಡ ಅಕ್ಕ. ಮೊದ್ಲು ಬಾಯಿ ತೆಗಿ."

ಸೆರಗು ಬಾಯಿಗೆ ಬಂತು. ಈ ಸಲ ನಾನು ಅದನ್ನು ಹಿಡಿದುಕೊಂಡೆ. ಅಂಗಳದ ಬಿಸಿಲಿಗೆ ಅವಳನ್ನು ಕರೆತಂದು ಕಲ್ಲಿನ ಮೇಲೆ ಕೂರಿಸಿ, ಗದ್ದವನ್ನು ಎಡಗೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಕೆಳತುಟಿ ಮಡಿಸಿದೆ. ಅತ್ತೆಯ ಕೈಯನ್ನು ಎಷ್ಟು ಸಲ ನೋಡಿದ್ದೆನೋ, ನನ್ನ ಕೈಗೂ ಅದು ಬಂದಿತ್ತು. ಎತ್ತಿಗೆ ನೋಡಿದ ಹಾಗೆ ನೋಡುತ್ತೀಯಲ್ಲೋ ಎಂದು ಅಕ್ಕ ನಾಚಿಕೊಂಡು ಗೊಣಗಿದಳು. ತುಟಿಯ ಒಳಗೆ, ನಶ್ಯ ಕೂರುವ ಜಾಗದಲ್ಲಿ, ನೀರಿನಲ್ಲಿ ನೆನೆದ ಬೆರಳಿನಂತೆ ಒಂದು ಬಿಳಿಯ ಮಚ್ಚೆ ಸುಕ್ಕುಗಟ್ಟಿ ಕೂತಿತ್ತು. ಅಕ್ಕ ನನ್ನ ಮುಖವನ್ನು ನೋಡಿದಳು. ಆಮೇಲೆ ಎದ್ದು ಒಳಗೆ ಹೋಗಿ, ಸೆರಗಿನ ಗಂಟು ಬಿಚ್ಚಿ, ಡಬ್ಬಿಯನ್ನು ಎಡೆಯ ಬಳಿ ಅತ್ತೆಯ ಹೆಸರಿನಲ್ಲಿ ಇಟ್ಟಿದ್ದ ಕಳಶದ ಮುಂದೆ ಮತ್ತೆ ಇಟ್ಟಳು.

"ಅವ್ಳದ್ದು ಅವ್ಳಿಗೇ ಇರ್ಲಿ ಬುಡು."

ಮಾರನೆಯ ದಿನ ಇಬ್ಬರೂ ಹಲ್ಲಿನ ಡಾಕ್ಟರಲ್ಲಿಗೆ ಹೋದೆವು. ಸದ್ಯ ಇದು ಆ ಕಾಯಿಲೆಯಲ್ಲ, ನಶ್ಯ ಬಿಟ್ಟರೆ ಮಚ್ಚೆ ಹೋಗಬಹುದು, ತಿಂಗಳಿಗೊಮ್ಮೆ ತೋರಿಸುತ್ತಿರಿ ಎಂದರು. ಹೋಗಬಹುದು ಎಂದರೇ ಹೊರತು ಹೋಗುತ್ತದೆ ಎನ್ನಲಿಲ್ಲ. ಎಡೆಗಿಟ್ಟಿದ್ದ ಬ್ರಷ್ಷು ಪ್ರಸಾದವಾಗಿ ಅಕ್ಕನ ಪಾಲಿಗೆ ಹೋಯಿತು. ಅವಳು ಈಗ ಅದರಲ್ಲೇ ಉಜ್ಜುತ್ತಾಳೆ, ಪೇಸ್ಟು ಸಿಹಿಯೆಂದು ಶಪಿಸುತ್ತಾಳೆ. ಆ ಹಿಡಿಗೆ ಕೂರುವ ಮೆತ್ತನೆಯ ತುದಿಗಳು ಸೌದಿಯಿಂದಲೇ ಬರಬೇಕು. ಖಲೀಲ್ ಸಾಹೇಬರು ಮರೆಯದೆ ತರಿಸಿಡುತ್ತಾರೆ. ತಿಂಗಳಿಗೊಮ್ಮೆ ಅಕ್ಕ ಗುಬ್ಬಿಯಿಂದ ಬಂದು ಡಾಕ್ಟರಿಗೆ ತೋರಿಸಿ, ಆಮೇಲೆ ಅಂಗಳದ ಕಲ್ಲಿನ ಮೇಲೆ ಕೂತು, ಕೇಳುವ ಮೊದಲೇ ಬಾಯಿ ತೆರೆಯುತ್ತಾಳೆ. ನೋಡಿದ ಮೇಲೆ ನಾನೂ ಕೂತು ತೆರೆಯುತ್ತೇನೆ, ಅವಳು ನೋಡುತ್ತಾಳೆ. ಆ ಕುರ್ಚಿಗೆ ಹೋಲಿಸಿದರೆ ನಮ್ಮ ಕಲ್ಲು ಎಷ್ಟೋ ವಾಸಿ. ಹಿರಿಯರ ಹಬ್ಬದಲ್ಲಿ ಈಗಲೂ ನಶ್ಯದ ಅದೇ ಡಬ್ಬಿಯನ್ನು ಎಡೆಗಿಡುತ್ತೇವೆ. ಒಳಗಿನ ಪುಡಿ ಒಣಗಿ ಗಟ್ಟಿಯಾಗಿದೆ, ಅತ್ತೆ ಇನ್ನೂ ಅದನ್ನು ಮುಟ್ಟಿಲ್ಲ.