ಅತ್ತೆ ಬೆರಳಿಟ್ಟ ಜಾಗ

ಇಂಥದ್ದನ್ನೆಲ್ಲ ನಂಬುವವಳಲ್ಲ ನಾನು. ಯಾರಾದರೂ ಶಕುನ, ಕಣಿ ಎಂದರೆ ಅವರ ಮುಖದ ಮೇಲೇ ನಕ್ಕುಬಿಡುತ್ತಿದ್ದೆ. ಈಗ ನಗುವ ಮೊದಲು ಕೊಂಚ ತಡೆಯುತ್ತೇನೆ. ಯಾಕೆಂದು ಹೇಳುತ್ತೇನೆ, ಬೇಕಾದರೆ ನೀವು ನಗಿ.

ಕೆಲವು ವರ್ಷಗಳ ಹಿಂದೆ ಕುರುಬರಹಳ್ಳಿಯ ನಮ್ಮ ಮನೆಯಲ್ಲಿ ಕೂತು ಪಿಎಚ್.ಡಿ. ಮುಗಿಸುತ್ತಿದ್ದೆ. ಹತ್ತಿರದ ಸುರುಳಿ ಗ್ಯಾಲಕ್ಸಿಗಳ ನಟ್ಟನಡುವಿನಿಂದ ಬರುವ ರೇಡಿಯೊ ಅಲೆಗಳು ನನ್ನ ವಿಷಯ. ಹತ್ತಿರ ಎಂದರೆ ಬೆಳಕಿಗೇ ಕೋಟಿ ವರ್ಷ ಹಿಡಿಯುವಷ್ಟು ಹತ್ತಿರ! ಆರಿಸಿಕೊಂಡ ಗ್ಯಾಲಕ್ಸಿಗಳಲ್ಲಿ ಒಂದರ ನಡುವೆ ಮಾತ್ರ ಏನೂ ಸಿಕ್ಕಿರಲಿಲ್ಲ. ನನ್ನ ವಾದವೆಲ್ಲ ನಿಂತಿದ್ದು ಅದರ ಮೇಲೆಯೇ. "ಇನ್ನೊಂದು ವಾರ ನೋಡಿ. ಸಿಗ್ಲಿಲ್ಲ ಅಂದ್ರೆ ವಿಷಯಾನೇ ಬದಲಾಯಿಸ್ಬೇಕಾಗುತ್ತೆ" ಎಂದಿದ್ದರು ಗೈಡ್. ಹಾಗಾಗಿದ್ದರೆ ಅಷ್ಟು ವರ್ಷದ ದುಡಿತ ನೀರಲ್ಲಿ ಹೋಮ ಮಾಡಿದ ಹಾಗೆಯೇ.

ಅತ್ತೆಗೆ ಆಗ ಎರಡೂ ಕಣ್ಣಿಗೆ ಪೊರೆ. ಅಕ್ಕಿಯ ಕಲ್ಲನ್ನು ಬೆರಳಲ್ಲೇ ಹುಡುಕಿ ಆರಿಸುತ್ತಿದ್ದರು. ನನ್ನದೂ ಅದೇ ಕೆಲಸ ಎಂದು ಅವರಿಗೆ ಹೇಳಿದ್ದೆ. ದೂರದರ್ಶಕ ಹಿಡಿದದ್ದರಲ್ಲಿ ಮೊಬೈಲು, ಕರೆಂಟು ತಂತಿಗಳ ಗದ್ದಲವೆಲ್ಲ ಕಲ್ಲು. ಅದನ್ನು ತೆಗೆದು, ಉಳಿದದ್ದರಿಂದ ಚಿತ್ರ ಮಾಡಬೇಕು.

ಒಂದು ಮಧ್ಯಾಹ್ನ ಸಾರು ಇಳಿಸಿ ಬಂದು ನನ್ನ ಪಕ್ಕ ನಿಂತರು. ಕಂಪ್ಯೂಟರ್ ಪರದೆಯ ತುಂಬ ಬರೀ ಬೂದುಬಣ್ಣ. ಮೊರದ ಮೇಲೆ ಆಡಿಸುವಂತೆ ಬೆರಳಾಡಿಸಿ, ಪರದೆಯ ನಡುವಿನಿಂದ ಸ್ವಲ್ಪ ಎಡಕ್ಕೆ ನಿಲ್ಲಿಸಿದರು.

"ಕಲ್ಲಿನ ಜೊತೆ ಅಕ್ಕೀನೂ ಎಸೆದಿದೀಯ ಕಣೇ. ಇಲ್ಲೊಂದು ಕಾಳಿರ್ಬೇಕಿತ್ತು."

"ನನ್ನ ಮುಖಾನೇ ಸರಿಯಾಗಿ ಕಾಣ್ಸಲ್ಲ ನಿಮ್ಗೆ, ಇದು ಕಾಣ್ಸುತ್ತಾ ಅತ್ತೆ?" ಎಂದೆ. ನಕ್ಕು ಒಳಗೆ ಹೋದರು. ಗಾಜಿನ ಮೇಲೆ ಅರಿಶಿನದ ಬೆರಳಗುರುತು ಉಳಿಯಿತು.

ತಮಾಷೆಗೆಂದೇ ನಾನು ಎಸೆದದ್ದನ್ನು ಕೆದಕಿದೆ. ಗದ್ದಲವಿದ್ದದ್ದು ಕೆಲವೇ ನಿಮಿಷ. ಅವಸರದಲ್ಲಿ ಅದರ ಹಿಂದುಮುಂದಿನ ಗಂಟೆಗಳನ್ನೂ ಅಳಿಸಿಹಾಕಿದ್ದೆ! ಅವನ್ನು ಸೇರಿಸಿ ಮತ್ತೆ ಚಿತ್ರ ಮಾಡಿದೆ. ಅರಿಶಿನದ ಕೆಳಗೆ ಏನೋ ಬೆಳ್ಳಗೆ ಕಂಡಿತು. ದುಪಟ್ಟಾದಿಂದ ಒರೆಸಿದೆ. ಅರಿಶಿನ ಹೋಯಿತು, ಚುಕ್ಕೆ ಹೋಗಲಿಲ್ಲ. ಆ ಗ್ಯಾಲಕ್ಸಿಯ ನಟ್ಟನಡು ಇದ್ದದ್ದು ಸರಿಯಾಗಿ ಅಲ್ಲೇ. ಮೈ ಜುಮ್ಮೆಂದಿತು. ಭಯವೇನಲ್ಲ, ಕುಣಿಯುವಷ್ಟು ಸಂತೋಷ.

ಸೊಸೆಯ ಅವಸರ ಅತ್ತೆಗೆ ಗೊತ್ತಿರದೇ? ಎಸೆದದ್ದನ್ನು ಊಹಿಸಿರಬಹುದು ಅನ್ನಿ. ಆದರೆ ಆ ಜಾಗ? ಅವರನ್ನೇ ಕೇಳಿದರೆ, "ಏನೋಪ್ಪ, ಬೆರಳಿಗೆ ಹಾಗನ್ನಿಸ್ತು" ಎಂದು ಅಕ್ಕಿಯ ಮೊರ ಎಳೆದುಕೊಂಡರು.

ಕೊನೆಯ ಮೌಖಿಕ ಪರೀಕ್ಷೆಗೆ ಅವರೂ ಬಂದಿದ್ದರು. ಪರೀಕ್ಷಕರು ಪ್ರತಿ ಅಂಕಿಗೂ ಆಧಾರ ಕೇಳಿ ನನ್ನನ್ನು ಹಿಂಡಿದರು. ಕೊನೆಗೆ, ಅಳಿಸಿದ್ದನ್ನು ಮತ್ತೆ ನೋಡಬೇಕೆಂದು ಹೇಗೆ ಹೊಳೆಯಿತು ಎಂದರು.

"ನಮ್ಮತ್ತೆ ಹೇಳಿದ್ರು ಸಾರ್."

ಇಡೀ ಹಾಲ್ ನಕ್ಕಿತು. ಹಿಂದಿನ ಸಾಲಿನಲ್ಲಿ ಅತ್ತೆಯೂ ನಕ್ಕರು. ಅಂದು ನಾನು ಹೇಳಿದ್ದರಲ್ಲಿ, ಇವತ್ತಿಗೂ ಆಧಾರ ಕೊಡಲಾಗದ ಮಾತು ಅದೊಂದೇ. ಅದೊಂದನ್ನು ಮಾತ್ರ ಯಾರೂ ಪ್ರಶ್ನಿಸಲಿಲ್ಲ.