ಗಾಣ ತಿರುಗಿಸಿದವರ ಹೆಸರು

ಮೂಡುಬಿದಿರೆಯ ಬಸ್ ನಿಲ್ದಾಣದ ಹಿಂದಿನ ಕಟ್ಟಡದಲ್ಲಿ ನೀಲಾವತಿಯ ಹೊಲಿಗೆ ಅಂಗಡಿ ಇತ್ತು. ನಾರಾವಿಯಿಂದ ದಿನಾ ಬಸ್ಸಿನಲ್ಲಿ ಬಂದು ಶಾಲೆಯ ಸಮವಸ್ತ್ರ, ರವಿಕೆ ಹೊಲಿಯುತ್ತಿದ್ದಳು. ಪಕ್ಕದ್ದು ಅಬ್ದುಲ್ ವಹಾಬರ ಪುಸ್ತಕದಂಗಡಿ. ತೊಂಬತ್ತೈದನೆಯ ಇಸವಿಯಿಂದ ವಹಾಬರು ತಿಂಗಳ ಮೊದಲ ಭಾನುವಾರ ಅಂಗಡಿಯ ಮಹಡಿಗೆ ಒಬ್ಬ ಲೇಖಕರನ್ನು ಕರೆಸುತ್ತಿದ್ದರು. ಭಾಷಣ ಇಲ್ಲ. ಲೇಖಕರು ನಾಲ್ಕು ಪುಟ ಓದಬೇಕು, ಆಮೇಲೆ ಜನ ಕೇಳಿದ್ದಕ್ಕೆ ಉತ್ತರ ಕೊಡಬೇಕು.

ಏಳನೆಯ ತರಗತಿಗೇ ಶಾಲೆ ಬಿಟ್ಟಿದ್ದ ನೀಲಾವತಿ ಮೊದಲ ಸಲ ಮಹಡಿ ಹತ್ತಿದ್ದು ಬೆಂಚು ಕೊಡಲಿಕ್ಕೆ. ಕುರ್ಚಿ ಸಾಲದೆ ವಹಾಬರು ಕೇಳಿದ್ದರು. ಬೆಂಚು ಇಟ್ಟವಳು ಅದರ ಮೇಲೆ ಕೂತೇ ಬಿಟ್ಟಳು. ಆಮೇಲೆ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಬಸದಿಗಳ ಶಾಸನ ಓದುವವರು, ಬಂಟ್ವಾಳದ ಹಳೆಯ ದೋಣಿ ವ್ಯಾಪಾರದ ಬಗ್ಗೆ ಬರೆದವರು, ದೇಶ ಒಡೆದು ಎರಡಾದ ಕಥೆ ಬರೆದವರು, ಎಲ್ಲರ ಮಾತನ್ನೂ ಕೇಳಿದಳು.

ತೊಂಬತ್ತೆಂಟರಲ್ಲಿ ಜಯಪ್ರಕಾಶ್ ಎಂಬ ನಿವೃತ್ತ ಉಪನ್ಯಾಸಕರು ಅಲ್ಲಿಗೆ ಬಂದು, ಬೆಳ್ತಂಗಡಿ ತಾಲೂಕಿನ ಸ್ವಾತಂತ್ರ್ಯ ಹೋರಾಟದ ಬಗ್ಗೆ ಪುಸ್ತಕ ಬರೆಯುತ್ತಿದ್ದೇನೆ, ಹಳಬರು ಇದ್ದರೆ ತಿಳಿಸಿ ಎಂದರು. ನೀಲಾವತಿಯೇ ಎದ್ದು ನಿಂತು, "ನನ್ನ ಅಪ್ಪ ನಲವತ್ತೆರಡರಲ್ಲಿ ಜೈಲಿಗೆ ಹೋಗಿದ್ದಾರೆ ಸರ್. ಬರುವುದಾದರೆ ನಾನು ಕರ್ಕೊಂಡು ಹೋಗ್ತೇನೆ" ಎಂದಳು. ಆ ಮಾತಿಗಾಗಿ ಆಮೇಲೆ ತನ್ನನ್ನೇ ಎಷ್ಟು ಬೈದುಕೊಂಡಳೋ.

ಅವಳ ಅಪ್ಪ ಚಿನ್ನಯ್ಯನಿಗೆ ಆಗ ಎಂಬತ್ತು ವರ್ಷ. ಜಯಪ್ರಕಾಶರು ಎರಡು ದಿನ ಬಂದು, ಟೇಪ್ ರೆಕಾರ್ಡರ್ ಇಟ್ಟು ಕೂತರು. ಚಿನ್ನಯ್ಯ ಮಕ್ಕಳಿಗೂ ಹೇಳದ್ದನ್ನು ಅವರಿಗೆ ಹೇಳಿದ. ತಾನು ಗೇಯುತ್ತಿದ್ದ ಗದ್ದೆಯ ಧನಿಗಳೂ ತಾನೂ ಒಂದೇ ಮೊಕದ್ದಮೆಯಲ್ಲಿ ಕಣ್ಣೂರಿನ ಜೈಲಿಗೆ ಹೋದದ್ದು. ಅಲ್ಲಿ ಧನಿಗಳಿಗೆ ಮಂಚ, ಪತ್ರಿಕೆ. ತನಗೆ ಎಣ್ಣೆಯ ಗಾಣ. ಎತ್ತಿನ ಜಾಗದಲ್ಲಿ ಹೆಗಲು ಕೊಟ್ಟು ಸುತ್ತಿದ್ದು, ಒಂದು ಮಧ್ಯಾಹ್ನ ತಲೆ ತಿರುಗಿ ಬಿದ್ದಾಗ ಬಲಗೈಯ ಎರಡು ಬೆರಳು ಗಾಣಕ್ಕೆ ಸಿಕ್ಕಿ ಜಜ್ಜಿಹೋದದ್ದು. ಚಹಾ ಹಿಡಿದು ಬಾಗಿಲಲ್ಲಿ ನಿಂತ ನೀಲಾವತಿ ಅದನ್ನು ಮೊದಲ ಸಲ ಕೇಳುತ್ತಿದ್ದಳು. ಆ ಸೊಟ್ಟ ಬೆರಳುಗಳನ್ನು ಹುಟ್ಟಿದಂದಿನಿಂದ ನೋಡಿದ್ದಳು, ಯಾಕೆ ಎಂದು ಕೇಳಿರಲಿಲ್ಲ.

ಚಿನ್ನಯ್ಯ ಎರಡು ಸಾವಿರದಲ್ಲಿ ತೀರಿಕೊಂಡ. ಮರುವರ್ಷ ಪುಸ್ತಕ ಬಂತು. ಜಯಪ್ರಕಾಶರು ಮಹಡಿಯಲ್ಲಿ ಓದಿದ್ದು ಗಾಣದ ಪುಟಗಳನ್ನೇ. ಚೆನ್ನಾಗಿ ಓದಿದರು, ಮುಂದಿನ ಸಾಲಿನವರು ಕಣ್ಣೊರೆಸಿಕೊಂಡರು. ಆದರೆ ಆ ಪುಟಗಳಲ್ಲಿ ಗಾಣ ತಿರುಗಿಸಿದವರು ಧನಿಗಳು. ಬೆರಳು ಜಜ್ಜಿಹೋದದ್ದೂ ಅವರದ್ದೇ. ಕೊನೆಯಲ್ಲಿ ಒಂದು ಸಾಲು: 'ಅವರೊಂದಿಗೆ ನಂಬಿಕೆಯ ಆಳೊಬ್ಬನೂ ಸೆರೆಮನೆ ಸೇರಿದ್ದ.'

ನೀಲಾವತಿ ಎದ್ದು ನಿಂತಳು.

"ಸರ್, ಧನಿಗಳು ಯಾವ ಕ್ಲಾಸಿನ ಕೈದಿ?"

"ಬಿ ಕ್ಲಾಸ್ ಇರಬೇಕಮ್ಮ."

"ಬಿ ಕ್ಲಾಸಿನವರಿಗೆ ಗಾಣ ಕೊಡ್ತಿದ್ರಾ? ಹೋದ ವರ್ಷ ಇಲ್ಲಿಗೇ ಒಬ್ಬರು ಬಂದು ಬ್ರಿಟಿಷರ ಜೈಲಿನ ಬಗ್ಗೆ ಹೇಳಿದ್ದಾರೆ. ಗಾಣ, ಕಲ್ಲು ಒಡೆಯುವುದು, ಎಲ್ಲ ಸಿ ಕ್ಲಾಸಿಗೆ ಅಂತ."

ಜಯಪ್ರಕಾಶರು ಕನ್ನಡಕ ತೆಗೆದರು. "ಇದು ಬಾಯಿಮಾತಿನ ಇತಿಹಾಸ, ಅಮ್ಮ. ಸ್ವಲ್ಪ ಹೆಚ್ಚುಕಮ್ಮಿ ಇರ್ತದೆ."

"ಯಾರ ಬಾಯಿ?"

ಅವರು ಕನ್ನಡಕ ಒರೆಸತೊಡಗಿದರು.

"ನನ್ನ ಅಪ್ಪನ ಬಾಯಿ. ಎರಡು ದಿನ ನಮ್ಮ ಜಗಲಿಯಲ್ಲಿ ಕೂತು ಬರ್ಕೊಂಡಿರಿ. ಹೆಸರು ಎಲ್ಲಿ ಹೋಯ್ತು?"

"ಪ್ರೂಫ್ ನೋಡುವಾಗ ಬಿಟ್ಟುಹೋಗಿರಬೇಕು."

"ಹೆಸರು ಬಿಟ್ಟುಹೋಯ್ತು. ನೋವು ಬಿಟ್ಟುಹೋಗ್ಲಿಲ್ಲ ಅಲ್ವಾ? ಅದು ಸರಿಯಾಗಿ ಧನಿಗಳ ಕೈಗೆ ಹೋಗಿ ಕೂತಿದೆ."

ಜಯಪ್ರಕಾಶರು ತಗ್ಗಿದ ದನಿಯಲ್ಲಿ, ಧನಿಗಳ ಮನೆಯವರು ಅಚ್ಚಿನ ಖರ್ಚು ವಹಿಸಿಕೊಂಡಿದ್ದಾರೆ, ಮುಂದಿನ ಮುದ್ರಣದಲ್ಲಿ ನೋಡುವ ಎಂದರು. ಅದು ಅವಳ ಸಿಟ್ಟಿಗೆ ಎಣ್ಣೆ ಹೊಯ್ದಂತಾಯಿತು.

"ಮುಂದಿನದ್ದು ಬೇಡ. ಇಲ್ಲಿ ಮೇಜಿನ ಮೇಲೆ ಇರುವ ಪುಸ್ತಕಗಳಲ್ಲಿ ಈಗಲೇ ಬರೀರಿ."

"ಕೈಯಲ್ಲಿ ಬರೆದರೆ ಪುಸ್ತಕ ಹಾಳಾಗ್ತದಮ್ಮ."

"ಅದು ಆಗಲೇ ಹಾಳಾಗಿದೆ."

ಯಾರೋ, "ಕೂತ್ಕೊಳ್ಳಿ ಅಕ್ಕ, ದೊಡ್ಡವರ ಹತ್ರ ಹಾಗೆಲ್ಲ ಮಾತಾಡ್ಬಾರ್ದು" ಎಂದರು. ಅವಳು ಕೂರಲಿಲ್ಲ. ವಹಾಬರು ಅಷ್ಟರವರೆಗೆ ಸುಮ್ಮನಿದ್ದವರು, ಜೇಬಿನಿಂದ ಪೆನ್ನು ತೆಗೆದು ಲೇಖಕರ ಮುಂದಿಟ್ಟರು. ಜಯಪ್ರಕಾಶರು ಮೂರು ಪ್ರತಿಗಳಲ್ಲಿ 'ಆಳೊಬ್ಬ' ಎಂಬುದನ್ನು ಹೊಡೆದು 'ಚಿನ್ನಯ್ಯ' ಎಂದು ಬರೆದರು. ಗಾಣದ ಸಾಲುಗಳನ್ನು ಮುಟ್ಟಲಿಲ್ಲ. ಮಂಗಳೂರಿನ ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದರು.

ಜನ ಚದುರಿದ ಮೇಲೆ ನೀಲಾವತಿ ಕೇಳಿದಳು. "ವಹಾಬಣ್ಣ, ಉಳಿದದ್ದರಲ್ಲಿ ನಾನು ಬರೆಯಲಾ? ನಿಮಗೆ ನಷ್ಟ ಆಗಬಹುದು."

"ಬರೀರಿ ನೀಲಕ್ಕ. ತಪ್ಪು ಪುಸ್ತಕ ನಾನು ಹೇಗೆ ಮಾರುವುದು?"

ಸಂಜೆಯವರೆಗೆ ಕೂತು, ಇದ್ದ ಪ್ರತಿಯೊಂದರಲ್ಲೂ ಗಾಣದ ಪುಟದ ಅಂಚಿಗೆ ಬರೆದಳು: 'ಇಲ್ಲಿ ಹೇಳಿದ್ದು ಎಲ್ಲ ನಾರಾವಿಯ ಚಿನ್ನಯ್ಯನಿಗೆ ಆದದ್ದು. ಬರೆದವಳು ಮಗಳು.' ಅಕ್ಷರ ಗುಂಡಗಿರಲಿಲ್ಲ. ಮೂರು ಕಡೆ ಪೆನ್ನು ಒತ್ತಿ ಕಾಗದ ಹರಿಯಿತು. ಬರೆಯುತ್ತಾ ಬರೆಯುತ್ತಾ ಅಪ್ಪನ ಮೇಲೂ ಸಿಟ್ಟು ಬಂತು. ಟೇಪಿನ ಎದುರು ಅಷ್ಟು ಹೇಳಿದವನಿಗೆ ಮನೆಯವರ ಎದುರು ಒಂದು ಮಾತು ಆಡಲಿಕ್ಕೆ ಏನಾಗಿತ್ತು? ಕೇಳದೆ ಕೂತ ತನಗೇನಾಗಿತ್ತು? ಆಗ ಅವಳು ಅತ್ತಳು. ವಹಾಬರು ಕೆಳಗೆ ಹೋಗಿ ಚಹಾ ತರಿಸಿದರು.

ವರ್ಷದೊಳಗೆ ಆ ಪ್ರತಿಗಳು ಖರ್ಚಾದವು. ಎರಡನೆಯ ಮುದ್ರಣ ಬಂದದ್ದು ಎರಡು ಸಾವಿರದ ಆರರಲ್ಲಿ. ಗಾಣದ ಕಥೆಯನ್ನು ಧನಿಗಳಿಂದ ಬಿಡಿಸಿದ್ದರು, ಅದು ನಿಜ. ಈಗ ಅದು 'ತಾಲೂಕಿನ ಒಬ್ಬ ಕೈದಿ'ಯದ್ದಾಗಿತ್ತು. ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ, ಮಾಹಿತಿ: ಚೆನ್ನಯ್ಯ, ನಾರಾವಿ.

"ಒಂದು ಅಕ್ಷರ ಅಲ್ವಾ ಅಕ್ಕ, ಬಿಡು" ಎಂದ ತಮ್ಮ ಡೊಂಬಯ್ಯ.

"ನಿನ್ನ ಹೆಸರಲ್ಲಿ ಒಂದಕ್ಷರ ತಪ್ಪಿದರೆ ರೇಷನ್ ಕೊಡ್ತಾರಾ?" ಎಂದು ಅವಳು ರೇಗಿದಳು.

ಮರುದಿನ, ಅಪ್ಪನ ಹೆಸರು ಸರಿಯಾಗಿ ಹಾಕಿ ಎಂದು ಜಯಪ್ರಕಾಶರಿಗೆ ಕಾಗದ ಬರೆದಳು. ಉತ್ತರ ಬರಲಿಲ್ಲ. ತಿಂಗಳು ಬಿಟ್ಟು ಇನ್ನೊಂದು ಬರೆದಳು, ಈ ಸಲ ರಿಜಿಸ್ಟರ್ಡ್ ಅಂಚೆಯಲ್ಲಿ.