ಎಡರೆಕ್ಕೆಯ ಕೆಂಪು

ಆ ಬೀದಿಯಲ್ಲಿ ಅರ್ಧ ಜನ ನಗುತ್ತಿದ್ದದ್ದು ಅವನ ಕೈಗುಣದಿಂದ. ವಯಸ್ಸಾದ ಯಾರ ಬಾಯಲ್ಲಿ ನೋಡಿದರೂ ಅವನು ಮಾಡಿಕೊಟ್ಟ ಹಲ್ಲಿನ ಸೆಟ್ಟೇ ಇರುತ್ತಿತ್ತು. ಹೀಗಾಗಿ ಎಲ್ಲರಿಗೂ ಅವನು ಹಲ್ಲಪ್ಪ. ದಂತವೈದ್ಯರು ಅಚ್ಚು ತೆಗೆದು ಕಳಿಸುತ್ತಿದ್ದರು, ಇವನು ಮನೆಯ ಮುಂದಿನ ಕೋಣೆಯಲ್ಲಿ ಕೂತು ಹಲ್ಲು ಜೋಡಿಸುತ್ತಿದ್ದ. ಅವನ ಸೆಟ್ಟಿಗೆ ಅಷ್ಟು ಹೆಸರು ಬರಲು ಒಂದು ಗುಟ್ಟಿತ್ತು. ಹೊಸ ಹಲ್ಲನ್ನು ಬೇಕೆಂದೇ ಹಳತು ಮಾಡುತ್ತಿದ್ದ. ಒಂದರ ಅಂಚನ್ನು ಕೂದಲೆಳೆಯಷ್ಟು ಸವೆಸುತ್ತಿದ್ದ, ಇನ್ನೊಂದರ ಬುಡಕ್ಕೆ ಚಹಾದ ಬಣ್ಣ ತಾಗಿಸುತ್ತಿದ್ದ.

"ಹಾಲಿನಂಥ ಹಲ್ಲು ಇಟ್ಕೊಂಡ್ರೆ ಯಾರೂ ನಂಬಲ್ಲ ಅಜ್ಜಿ. ನಿಮ್ಮ ಜೊತೇಲೇ ಬದುಕಿದ ಹಾಗೆ ಕಾಣ್ಬೇಕು" ಅನ್ನುತ್ತಿದ್ದ.

ಇದೇ ಚಾಳಿ ಅವನ ವಿಮಾನಗಳಿಗೂ ಹತ್ತಿತ್ತು. ಡಬ್ಬಿಯಲ್ಲಿ ಬಿಡಿಬಿಡಿಯಾಗಿ ಬರುವ ಪ್ಲಾಸ್ಟಿಕ್ ಭಾಗಗಳನ್ನು ಅಂಟಿಸಿ, ಯುದ್ಧಕಾಲದ ನೌಕಾಪಡೆಯ ವಿಮಾನಗಳನ್ನು ಅಂಗೈಯಗಲಕ್ಕೆ ಮಾಡುವುದು ಅವನ ಹುಚ್ಚು. ಕಟ್ಟುವುದಕ್ಕೆ ಒಂದು ವಾರ, ಅದನ್ನು ಕೊಳೆ ಮಾಡುವುದಕ್ಕೆ ಒಂದು ತಿಂಗಳು. ಮೊದಲು ಬೆಳ್ಳಿ ಬಣ್ಣ, ಅದರ ಮೇಲೆ ಅಡುಗೆಮನೆಯಿಂದ ಕದ್ದ ಉಪ್ಪಿನ ಹರಳು, ಅದರ ಮೇಲೆ ಕಡುನೀಲಿ. ಒಣಗಿದ ಮೇಲೆ ಉಪ್ಪನ್ನು ಉಜ್ಜಿ ಉದುರಿಸಿದರೆ, ಕಡಲ ಗಾಳಿ ತಿಂದು ಹಾಕಿದಂತೆ ಅಲ್ಲಲ್ಲಿ ಬಣ್ಣ ಎದ್ದು ಲೋಹ ಇಣುಕುತ್ತಿತ್ತು. ಎಂಜಿನ್ನಿನ ಹೊಗೆಗೆ ಪೆನ್ಸಿಲ್ಲಿನ ಪುಡಿ. ಪೈಲಟ್ ಕಾಲಿಟ್ಟು ಹತ್ತುವ ಜಾಗದಲ್ಲಿ ಸವೆತ.

"ಊರ ಗಂಡಸ್ರು ಕೊಳೆಯಾದದ್ದನ್ನೇ ತೊಳೆಯಲ್ಲ. ನಮ್ಮನೆಯವರು ಹೊಸದನ್ನ ತಂದು ಕೊಳೆ ಮಾಡ್ತಾರೆ. ಉಪ್ಪು ಬೇರೆ ನನ್ನದು" ಎಂದು ಹೆಂಡತಿ ಗೊಣಗುತ್ತಿದ್ದಳು.

ಕಪಾಟಿನಲ್ಲಿ ಆರು ವಿಮಾನಗಳಿದ್ದವು, ಎಲ್ಲವೂ ಒಂದೇ ಮಾದರಿಯವು. ಅದಕ್ಕೆ ಕಾರಣ ಅಪ್ಪ. ಯುದ್ಧದ ಕಾಲದಲ್ಲಿ ಅಪ್ಪ ವಿಮಾನಗಳನ್ನು ಹೊತ್ತು ಸಾಗುವ ಹಡಗೊಂದರಲ್ಲಿ ಮೆಕ್ಯಾನಿಕ್ ಆಗಿದ್ದರು. ಒಂದು ಬೆಳಿಗ್ಗೆ ಅವರ ಕಣ್ಣೆದುರು ಏಳು ವಿಮಾನ ಹೋದವು, ಸಂಜೆಗೆ ಆರು ಬಂದವು. ಮಗನಿಗೆ ಅವರು ಹೇಳಿದ್ದು ಇಷ್ಟೇ. ಇದಕ್ಕಿಂತ ಹೆಚ್ಚು ಕೇಳಿದಾಗಲೆಲ್ಲ ಎದ್ದು ಹೋಗಿ ನಲ್ಲಿಯ ಕೆಳಗೆ ಕೈ ತೊಳೆದುಕೊಳ್ಳುತ್ತಿದ್ದರು.

ಎಂಬತ್ತೈದು ದಾಟಿದ ಮೇಲೆ ಆ ಸಂಜೆ ಅಪ್ಪನನ್ನು ಹಿಡಿದುಕೊಂಡುಬಿಟ್ಟಿತು. ಬೆಳಕು ಇಳಿಯುವ ಹೊತ್ತಿಗೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಆಕಾಶ ನೋಡುತ್ತ ಬೆರಳು ಮಡಚುತ್ತಿದ್ದರು. ಆರರ ಹತ್ತಿರ ಬೆರಳು ನಿಲ್ಲುತ್ತಿತ್ತು.

"ಏಳನೇದು ಬಂತೇನೋ?"

"ಬರುತ್ತಪ್ಪ. ನೀವು ಊಟ ಮಾಡಿ, ಆರಿ ಹೋಗ್ತಿದೆ."

"ಇರು, ಎಣಿಸಿಬಿಡ್ತೀನಿ."

ಎಣಿಕೆ ಮುಗಿಯುತ್ತಿರಲಿಲ್ಲ, ತಟ್ಟೆ ಹಾಗೇ ಒಳಗೆ ಹೋಗುತ್ತಿತ್ತು. ಅಂಗಿ ದಿನದಿಂದ ದಿನಕ್ಕೆ ದೊಡ್ಡದಾಗುತ್ತ ಬಂತು. ಡಾಕ್ಟರು ಹಲ್ಲಪ್ಪನನ್ನು ಬಾಗಿಲ ಹೊರಗೆ ಕರೆದು, "ಹೀಗೇ ಆದ್ರೆ ಇನ್ನೆರಡು ತಿಂಗಳು ಕಷ್ಟ. ಹೇಗಾದ್ರೂ ಮಾಡಿ ಹೊಟ್ಟೆಗೆ ಏನಾದ್ರೂ ಹೋಗ್ಬೇಕು" ಅಂದರು. ಅಪ್ಪನಿಲ್ಲದ ಮನೆಯನ್ನು ಹಲ್ಲಪ್ಪ ಆವರೆಗೆ ಯೋಚಿಸಿಯೇ ಇರಲಿಲ್ಲ. ಏಳನೆಯದು ಬಾರದೆ ಅಪ್ಪ ಉಣ್ಣುವುದಿಲ್ಲ. ಸರಿ, ಏಳನೆಯದನ್ನು ನಾನೇ ತರುತ್ತೇನೆ ಎಂದುಕೊಂಡ.

ಹಲ್ಲಿನ ಕೆಲಸ ಬದಿಗಿಟ್ಟು ಏಳನೆಯ ವಿಮಾನ ಕಟ್ಟಲು ಕೂತ. ಅಷ್ಟು ಪ್ರೀತಿಯಿಂದ ಅವನು ಯಾವುದನ್ನೂ ಕೊಳೆ ಮಾಡಿರಲಿಲ್ಲ. ಹೊಟ್ಟೆಯ ಕೆಳಗೆ ಎಣ್ಣೆ ಸೋರಿದ ಗೆರೆ, ಚಕ್ರದ ಅಂಚಿಗೆ ಉಪ್ಪಿನ ಬಿಳುಪು, ದೂರದಿಂದ ದಣಿದು ಬಂದದ್ದೇ ಸೈ ಅನ್ನಬೇಕು, ಹಾಗೆ. ಯುದ್ಧವಿಮಾನಗಳ ಪುಸ್ತಕವೊಂದರಲ್ಲಿದ್ದ ಹಳೆಯ ಫೋಟೋವನ್ನು ಭೂತಗನ್ನಡಿಯಲ್ಲಿ ನೋಡುವಾಗ, ಎಡರೆಕ್ಕೆ ಮಡಚುವ ಜಾಗದಲ್ಲಿ ಸಣ್ಣದೇನೋ ಎದ್ದು ನಿಂತದ್ದು ಕಣ್ಣಿಗೆ ಬಿತ್ತು. ಪಕ್ಕದ ಬರಹದಲ್ಲಿ ಅದರ ಬಣ್ಣ ಕೆಂಪೆಂದಿತ್ತು. ಅದೇನೆಂದು ಗೊತ್ತಿರಲಿಲ್ಲ, ಚೆಂದವಿತ್ತು. ಎಳ್ಳಿನಷ್ಟು ಪ್ಲಾಸ್ಟಿಕ್ ಕತ್ತರಿಸಿ, ಕೆಂಪು ಬಳಿದು, ಚಿಮಟದಲ್ಲಿ ಹಿಡಿದು ಟೊಳ್ಳು ರೆಕ್ಕೆಯ ಸೀಳಿನ ಬಾಯಿಗೆ ಅಂಟಿಸಿದ.

ಸಂಜೆ ತಟ್ಟೆಯ ಜೊತೆಗೆ ವಿಮಾನವನ್ನೂ ಅಂಗೈಲಿಟ್ಟುಕೊಂಡು ಹೋದ. "ಅಪ್ಪ, ಏಳನೇದು ಬಂತು ನೋಡಿ."

ಅಪ್ಪ ಎರಡೂ ಕೈಯಲ್ಲಿ ಇಸಿದುಕೊಂಡರು. ಮುಖ ಅರಳಿತು. "ಹೊಗೆ ಸರಿಯಾಗಿದೆ. ಎಣ್ಣೆನೂ ಇಲ್ಲೇ ಸೋರ್ತಿತ್ತು, ಎಷ್ಟು ಬಿಗಿ ಮಾಡಿದ್ರೂ ನಿಲ್ತಿರ್ಲಿಲ್ಲ." ಬೆರಳು ರೆಕ್ಕೆಯ ಗುಂಟ ಸಾಗಿ ಒಂದು ಕಡೆ ನಿಂತಿತು. "ಇದ್ಯಾಕೆ ಮೇಲಿದೆ?"

"ಫೋಟೋದಲ್ಲಿ ಹಾಗೇ ಇತ್ತಪ್ಪ."

"ಫೋಟೋದಲ್ಲಿ ವಿಮಾನ ನಿಂತಿತ್ತಾ, ಹಾರ್ತಿತ್ತಾ?"

"ನಿಂತಿತ್ತು."

"ಹಾರೋ ವಿಮಾನದಲ್ಲಿ ಈ ಕೆಂಪು ಕಾಣಬಾರ್ದು ಕಣೋ. ಹಡಗಲ್ಲಿ ಜಾಗ ಕಮ್ಮಿ, ರೆಕ್ಕೆ ಮಡಚಿಟ್ಟಿರ್ತಿದ್ವಿ. ಬಿಚ್ಚಿದ ಮೇಲೆ ಒಳಗೆ ಪಿನ್ನು ಪೂರ್ತಿ ಕೂರ್ಬೇಕು. ಕೂತ್ರೆ ಈ ಕೆಂಪು ಒಳಗೆ ಹೋಗುತ್ತೆ. ಮೇಲೆ ಕಂಡ್ರೆ ರೆಕ್ಕೆ ಗಟ್ಟಿಯಾಗಿಲ್ಲ ಅಂತ, ವಿಮಾನ ಬಿಡಬಾರ್ದು. ಎರಡೂ ಕಡೆ ನೋಡಿ ಹೆಬ್ಬೆರಳು ಎತ್ತೋದು ನನ್ನ ಕೆಲ್ಸ."

ಹಲ್ಲಪ್ಪ ತಟ್ಟೆ ಹಿಡಿದುಕೊಂಡೇ ನಿಂತಿದ್ದ.

"ಅವತ್ತು ಬಲಗಡೆ ನೋಡ್ದೆ, ಚೆನ್ನಾಗಿ ನೆನಪಿದೆ. ಎಡಗಡೆ ಬರೋಷ್ಟರಲ್ಲಿ ಅಧಿಕಾರಿ ಬಾವುಟ ಎತ್ತಿದ್ರು. ಹೆಬ್ಬೆರಳು ಎತ್ತಿದ್ದು ನೆನಪಿದೆ. ಎಡಗಡೆ ನೋಡಿದ್ದು ನೆನಪಿಲ್ಲ. ಆ ಪೈಲಟ್ ಹುಡುಗ ನನ್ನ ನೋಡಿ ನಕ್ಕು ಹೋದ."

ಅಪ್ಪ ಇಷ್ಟು ವರ್ಷ ಯಾವುದಕ್ಕೆ ಹೆದರಿ ಬಾಯಿ ಕಟ್ಟಿಕೊಂಡಿದ್ದರೋ, ಅದನ್ನೇ ಹಲ್ಲಪ್ಪ ಕೈಯಾರೆ ಮಾಡಿ, ಬಣ್ಣ ಬಳಿದು, ತಂದು ಅವರ ಮಡಿಲಿಗೆ ಇಟ್ಟಿದ್ದ. "ಕೊಡಿ ಅಪ್ಪ, ಕೆರೆದು ತೆಗೆದುಬಿಡ್ತೀನಿ" ಎಂದು ಕೈಚಾಚಿದ.

"ಬೇಡ." ಅಪ್ಪ ಹೆಬ್ಬೆರಳನ್ನು ಆ ಕೆಂಪಿನ ಮೇಲಿಟ್ಟು ಒತ್ತಿದರು. ಟಕ್ಕೆಂದಿತು. ಬೆರಳು ತೆಗೆದಾಗ ಅಲ್ಲಿ ಕೆಂಪಿರಲಿಲ್ಲ. ಅಪ್ಪ ಬಲಗಡೆ ನೋಡಿದರು, ಎಡಗಡೆ ನೋಡಿದರು, ಮುಷ್ಟಿ ಬಿಗಿದು ಮಗನ ಕಡೆ ಹೆಬ್ಬೆರಳು ಎತ್ತಿದರು. "ಕೂತ್ಕೊಳ್ತು. ತಟ್ಟೆ ಕೊಡು, ಹಸಿವಾಗ್ತಿದೆ."

ಆವತ್ತು ತಟ್ಟೆ ಖಾಲಿಯಾಯಿತು. ಮರುದಿನವೂ ಆಯಿತು. ಮತ್ತೆ ಒಂದು ಸಂಜೆಯೂ ಅಪ್ಪ ಏಳನೆಯದನ್ನು ಕೇಳಲಿಲ್ಲ. ಹಲ್ಲಪ್ಪ ಉಬ್ಬಿ ಹೋದ. ಡಾಕ್ಟರಿಗೆ ಹೇಳಿದ, ಹಲ್ಲು ಮಾಡಿಸಲು ಬಂದವರಿಗೆಲ್ಲ ಹೇಳಿದ, ಹೇಳಿದವರಿಗೇ ಮತ್ತೆ ಹೇಳಿದ. "ಸಾಕು ಮಾಡ್ರೀ, ಪಾಪ ಅವರು ಬಾಯಿ ತೆರ್ಕೊಂಡು ಕೂತಿದಾರೆ, ಬೇಡ ಅನ್ನೋಕೂ ಆಗಲ್ಲ" ಅಂದಳು ಹೆಂಡತಿ. ಎರಡು ತಿಂಗಳು ಅಂದಿದ್ದು ಏಳು ತಿಂಗಳಾಯಿತು. ಒಂದು ಮಧ್ಯಾಹ್ನ ಕುರ್ಚಿಯಲ್ಲಿ ಕಣ್ಣು ಮುಚ್ಚಿದ ಅಪ್ಪ ಮತ್ತೆ ತೆರೆಯಲಿಲ್ಲ. ಹಲ್ಲಪ್ಪ ಅತ್ತ, ಆದರೆ ಒಳಗೊಳಗೇ ಒಂದು ಸಮಾಧಾನವಿತ್ತು. ಹೋಗುವಾಗಲಾದರೂ ಅಪ್ಪನ ಎದೆ ಹಗುರವಾಗಿತ್ತಲ್ಲ.

ವಾರ ಕಳೆದ ಮೇಲೆ ಅಪ್ಪನ ಸಾಮಾನು ತೆಗೆದಿಡಲು ಕೂತ. ಹಲ್ಲಿನ ಸೆಟ್ಟು ಅವನ ಕೈಯದೇ; ಒಂದು ಕೋರೆಹಲ್ಲನ್ನು ಅಪ್ಪನ ಹಳೆಯ ಹಲ್ಲಿನ ಹಾಗೇ ತುಸು ಓರೆ ಮಾಡಿದ್ದ. ಸೆಟ್ಟಿನ ಡಬ್ಬಿ ತೊಳೆಯಲು ತೆರೆದಾಗ ಮುಚ್ಚಳದ ಒಳಗೆ ಗಾಯಕ್ಕೆ ಹಚ್ಚುವ ಪಟ್ಟಿಯ ಚೂರೊಂದು ಅಂಟಿಕೊಂಡಿರುವುದು ಕಂಡಿತು. ಉಗುರಿನಿಂದ ಎಬ್ಬಿಸಿದ. ಅದರಡಿಯಲ್ಲಿ ಎಳ್ಳಿನಷ್ಟು ಕೆಂಪು.

ಅದು ಒಳಗೆ ಹೋಗಿರಲಿಲ್ಲ. ಮುರಿದು ಅಪ್ಪನ ಬೆರಳಿಗೆ ಅಂಟಿತ್ತು. ಅದು ಅಪ್ಪನಿಗೆ ಆ ಕ್ಷಣದಲ್ಲೇ ಗೊತ್ತಾಗಿತ್ತು. ಗೊತ್ತಿದ್ದೂ ಅದನ್ನು ಮುಷ್ಟಿಯೊಳಗೆ ಅಡಗಿಸಿಕೊಂಡು, ಮತ್ತೊಮ್ಮೆ ಹೆಬ್ಬೆರಳು ಎತ್ತಿದ್ದರು, ಈ ಸಲ ಮಗನಿಗಾಗಿ. ಏಳು ತಿಂಗಳು, ದಿನಾ ಸಂಜೆ, ಮಗ ತಂದ ತಟ್ಟೆಯ ಮುಂದೆ ಹಲ್ಲು ಹಾಕಿಕೊಳ್ಳಲು ಅವರು ಇದೇ ಮುಚ್ಚಳ ತೆರೆದಿದ್ದರು.

ಆ ಸಂಜೆ ಹೆಂಡತಿ ತಟ್ಟೆ ತಂದಿಟ್ಟು ಎಷ್ಟೋ ಹೊತ್ತಾಗಿತ್ತು. ಹಲ್ಲಪ್ಪ ಅಪ್ಪನ ಕುರ್ಚಿಯಲ್ಲಿ ಕೂತು ಕಪಾಟಿನತ್ತ ನೋಡುತ್ತಿದ್ದ.

"ಆರಿ ಹೋಯ್ತು ಕಣ್ರೀ, ಊಟ ಮಾಡಲ್ವಾ?"

"ಇರು," ಅಂದ ಹಲ್ಲಪ್ಪ, "ಎಣಿಸಿಬಿಡ್ತೀನಿ."